ಕಂಪನ ಅಳೆಯುವ ಯಂತ್ರಕ್ಕೆ ಮೆತ್ತನೆಯ ಹಾಸು

ಟ್ರಾಮ್ ಯೋಜನೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿಯ ಉತ್ತರ ಕೈಸೇರಿದೆ. ವಿಶ್ವವಿದ್ಯಾಲಯದ ಆವರಣದೊಳಗೆ ನೀವು ಹಾಕಲಿರುವ ಟ್ರಾಮ್ ಹಳಿ ನಮ್ಮ ಪ್ರಯೋಗಾಲಯದ ಗೋಡೆಯಿಂದ ಬರೀ ಒಂಬತ್ತು ಮೀಟರ್ ದೂರದಲ್ಲಿ ಹಾದುಹೋಗುತ್ತದೆ, ಅದರಿಂದ ನಮ್ಮ ತೂಕದ ಕೋಣೆ ಕೆಲಸಕ್ಕೆ ಬಾರದಂತಾಗುತ್ತದೆ ಎಂದು ನಾನು ಬರೆದಿದ್ದೆ. ಅದಕ್ಕೆ ಎರಡೇ ವಾಕ್ಯದ ಉತ್ತರ: "ಕಂಪನವು ಅನುಭವಕ್ಕೆ ಬಾರದಷ್ಟು ಕಡಿಮೆಯಿರುವುದು ಪರೀಕ್ಷೆಯಿಂದ ದೃಢಪಟ್ಟಿದೆ. ಅಗತ್ಯವೆನಿಸಿದಲ್ಲಿ ತಮ್ಮ ತಕ್ಕಡಿಯನ್ನು ಬೇರೆಡೆಗೆ ಸ್ಥಳಾಂತರಿಸಿಕೊಳ್ಳತಕ್ಕದ್ದು." ಜೊತೆಗೊಂದು ಫಾರಂ. ಕೋಣೆ ತೆರವು ಮಾಡಲು ಒಪ್ಪಿಗೆಯಿದೆ ಎಂದು ಅದರ ಉಸ್ತುವಾರಿಯಾದ ನಾನು ಸಹಿ ಹಾಕಬೇಕಂತೆ. ಹಾಕುವುದಿಲ್ಲ. ಯಾಕೆ ಎನ್ನುವುದನ್ನು ಊರಿಗೆಲ್ಲ ಕೇಳುವಂತೆ ಹೇಳಲು ಈ ಪತ್ರ.

ಮೊದಲು ಆ ತಕ್ಕಡಿಯ ವಿಷಯ. ಆ ಪದ ಬರೆಯುವಾಗ ತಮ್ಮ ಕಣ್ಣ ಮುಂದೆ ಈರುಳ್ಳಿ ಅಂಗಡಿ ಬಂದಿರಬೇಕು. ನಮ್ಮದು ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಯಂತ್ರ. ಒಂದು ಕಾಗದದ ಚೂರನ್ನು ತೂಗಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಮ್ಮ ಹೆಸರು ಬರೆದು ಮತ್ತೆ ತೂಗಿದರೆ, ಹೆಸರಿನ ಭಾರ ಎಷ್ಟೆಂದು ಹೇಳಿಬಿಡುತ್ತದೆ. ಎದುರಿಗೆ ಕೂತವರು ಜೋರಾಗಿ ಉಸಿರು ಬಿಟ್ಟರೂ ಅದಕ್ಕೆ ಮುನಿಸು. ಅದನ್ನು ಹೊತ್ತು ನಿಂತಿರುವ ಕಲ್ಲುಕಂಬ ನೆಲದಡಿಯ ಬಂಡೆಯಿಂದಲೇ ಎದ್ದು ಬಂದಿದೆ. ನಮ್ಮ ಓಡಾಟ ಅದಕ್ಕೆ ತಟ್ಟಬಾರದೆಂದು ಕಂಬಕ್ಕೂ ಕೋಣೆಯ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾರೆ. ಇಪ್ಪತ್ತೆಂಟು ವರ್ಷಗಳಿಂದ ಆ ಸಂದಿಯಲ್ಲಿ ಕಸ ಕೂರದಂತೆ ನೋಡಿಕೊಂಡಿರುವವನು ನಾನು. ಇದನ್ನು ಎಲ್ಲಿಗೆ ಸ್ಥಳಾಂತರಿಸಲಿ ಸ್ವಾಮಿ? ಬಂಡೆಯನ್ನು ಬಗಲಲ್ಲಿ ಇರುಕಿಕೊಂಡು ಹೋಗಲೇ?

ಇನ್ನು "ಅನುಭವಕ್ಕೆ ಬಾರದ" ಕಂಪನ. ಯಾರ ಅನುಭವಕ್ಕೆ? ಪರೀಕ್ಷೆ ನಡೆದ ದಿನ ನಾನೂ ಅಲ್ಲೇ ಇದ್ದೆ. ಮರಳು ತುಂಬಿದ ಲಾರಿಯೊಂದು ರಸ್ತೆಯಲ್ಲಿ ಹಿಂದೆ ಮುಂದೆ ಓಡಿತು. ಅದನ್ನೇ ಟ್ರಾಮ್ ಎಂದು ಭಾವಿಸಿಕೊಳ್ಳಬೇಕೆಂದರು, ಭಾವಿಸಿಕೊಂಡೆ. ಒಳಗೆ ನಿಮ್ಮ ಎಂಜಿನಿಯರ್, ತಲೆ ನರೆತ ಸಂಭಾವಿತರು, ಕಂಪನ ಅಳೆಯುವ ಯಂತ್ರವನ್ನು ಎಳೆಮಗುವನ್ನು ಎತ್ತುವಂತೆ ಪೆಟ್ಟಿಗೆಯಿಂದ ಎತ್ತಿ ನೆಲದ ಮೇಲಿಟ್ಟರು. ನೆಲದ ಮೇಲೆ ಎಂದರೆ ತಪ್ಪಾದೀತು. ಮೊದಲು ಬೆರಳುದಪ್ಪದ ಸ್ಪಂಜಿನ ಹಾಸು ಹಾಸಿದರು, ಅದರ ಮೇಲೆ ಯಂತ್ರ.

"ಸರ್, ಅದರ ಕೆಳಗೆ ಸ್ಪಂಜು ಯಾಕೆ?" ಎಂದು ಕೇಳಿದೆ.

"ಅಯ್ಯೋ, ತುಂಬಾ ಸೂಕ್ಷ್ಮ ಕಣ್ರೀ ಇದು. ಅಲ್ಲಾಡಿದ್ರೆ ಕೆಟ್ಟುಹೋಗುತ್ತೆ. ಯಾವಾಗಲೂ ಹಾಸಿನ ಮೇಲೇ ಇಡಬೇಕು ಅಂತ ಕಚೇರಿಯಿಂದ ಆರ್ಡರ್ ಆಗಿದೆ."

"ಅಲ್ಲಾಡೋದನ್ನ ಅಳೆಯೋಕೇ ಅಲ್ವಾ ಸರ್ ಇದನ್ನ ತಂದಿರೋದು?"

ಅವರು ನನ್ನ ಮುಖ ನೋಡಿದರು, ಹಾಸನ್ನು ನೋಡಿದರು. "ಆರ್ಡರ್ ಅಂದ್ರೆ ಆರ್ಡರ್. ನಾನೇನ್ ಮಾಡ್ಲಿ ಹೇಳಿ?" ಎಂದು ಅಂಕಿ ಬರೆದುಕೊಂಡು ಹೊರಟರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿರುವುದು ಆ ಹಾಸಿನ ಆದೇಶ ಹೊರಡಿಸಿ, ಅದರ ಮೇಲೆ ಸಿಕ್ಕ ಅಂಕಿಯನ್ನೇ ನನ್ನ ಮುಖಕ್ಕೆ ಹಿಡಿದವರ ಮೇಲೆ. ನಿಮ್ಮದಾದರೆ ಸೂಕ್ಷ್ಮ ಯಂತ್ರ, ನಮ್ಮದಾದರೆ ತಕ್ಕಡಿ, ಅಲ್ಲವೇ?

ನನಗೆ ಟ್ರಾಮ್ ವಿರೋಧಿ ಎಂಬ ಹಣೆಪಟ್ಟಿ ಹಚ್ಚಲು ಅವಸರ ಪಡಬೇಡಿ. ನನ್ನ ಹೆಂಡತಿ ಆವರಣದ ಆ ತುದಿಯ ಆಸ್ಪತ್ರೆಯಲ್ಲಿ ನರ್ಸ್. ಮಂಡಿ ಸವೆದಿದೆ, ಆದರೂ ದಿನಾ ಏರು ಹತ್ತಿ ಹೋಗುತ್ತಾಳೆ. ನಾನು ನಿಮಗೆ ಮೊದಲ ಅರ್ಜಿ ಬರೆಯುತ್ತಿದ್ದಾಗ ಹಿಂದಿನಿಂದ ಇಣುಕಿದಳು. "ರೀ, ಟ್ರಾಮ್ ಬೇಡ ಅಂತ ಏನಾದ್ರೂ ಬರೆದ್ರೋ, ನಾಳೆಯಿಂದ ನೀವೇ ನನ್ನನ್ನ ಹೊತ್ಕೊಂಡು ಹೋಗ್ಬೇಕು. ಆ ಕಡೆಯಿಂದ ಬರಲಿ ಅಂತ ಬರೀರಿ." ಆ ಕಡೆ ಎಂದರೆ ನಿಮ್ಮ ಮೊದಲ ನಕ್ಷೆಯಲ್ಲಿದ್ದ ದಾರಿ: ಆಟದ ಮೈದಾನದ ಅಂಚು, ನಮ್ಮಿಂದ ಮುನ್ನೂರು ಮೀಟರ್ ದೂರ, ಆಸ್ಪತ್ರೆಗೂ ಇನ್ನಷ್ಟು ಹತ್ತಿರ. ಅದನ್ನೇಕೆ ಕೈಬಿಟ್ಟಿರಿ? ಆಡಳಿತ ಕಟ್ಟಡದ ಮುಂದಿನ ಕಾರಂಜಿಯನ್ನು ತೆಗೆಯಬೇಕಾಗುತ್ತದೆ ಎಂದು! ಹನ್ನೊಂದು ವರ್ಷದಿಂದ ಒಂದು ತೊಟ್ಟು ನೀರು ಚಿಮ್ಮಿಸದ ಕಾರಂಜಿ ಅದು. ಅದರ ತೊಟ್ಟಿಯಲ್ಲಿ ವಿದ್ಯಾರ್ಥಿಗಳು ಸೈಕಲ್ ನಿಲ್ಲಿಸುತ್ತಾರೆ. ನಿಮ್ಮ ನಕ್ಷೆಯಲ್ಲಿ ಮಾತ್ರ ಅದು "ಸೌಂದರ್ಯ ತಾಣ".

ಈಗ ಆ ಕೋಣೆಯಲ್ಲಿ ಕೂರುವವಳ ಬಗ್ಗೆ ಹೇಳುತ್ತೇನೆ. ನಾವೆಲ್ಲ ಬೀಜದಮ್ಮ ಎಂದು ಕರೆಯುವ ಸಂಶೋಧಕಿ. ಮೊಳೆಯದೆ ಮಲಗಿದ ಬೀಜ ಎಷ್ಟು ಕಾಲ ಜೀವ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಅವಳ ಪ್ರಶ್ನೆ. ನಾಲ್ಕು ವರ್ಷದಿಂದ ಪ್ರತಿ ಸೋಮವಾರ, ಜ್ವರವಿದ್ದರೂ ತಪ್ಪಿಸದೆ, ಸಾಸಿವೆಗಿಂತ ಸಣ್ಣ ಅರವತ್ತು ಬೀಜಗಳನ್ನು ಒಂದೊಂದಾಗಿ ತೂಗುತ್ತಾ ಬಂದಿದ್ದಾಳೆ. ಇನ್ನೊಂದು ವರ್ಷ ಬಾಕಿಯಿದೆ. ಒಂದು ವಾರ ತಪ್ಪಿದರೆ ಹೇಗೋ ಸಂಭಾಳಿಸಬಹುದು. ಸಾಲಾಗಿ ಎರಡು ವಾರ ತಪ್ಪಿತೆಂದರೆ ಅಷ್ಟೂ ವರ್ಷದ ದುಡಿಮೆ ಮಣ್ಣುಪಾಲು.

ಹೋದ ಸೋಮವಾರ ನಿಮ್ಮವರು ಗೋಡೆಯಾಚೆ ನೆಲ ಅಗೆಯಲು ಶುರುಮಾಡಿದರು. ತೂಕದ ಯಂತ್ರದ ಅಂಕಿ ನಿಲ್ಲಲಿಲ್ಲ. ಏರಿತು, ಇಳಿಯಿತು, ಮತ್ತೆ ಏರಿತು. ಚಿಮಟ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಸಂಜೆಯವರೆಗೂ ಕಾದಳು. ಕೊನೆಗೆ, "ಅಣ್ಣಾ, ಈ ವಾರದ್ದು ಖಾಲಿ ಬಿಡ್ತೀನಿ. ಸುಳ್ಳು ಬರೆಯೋಕಾಗಲ್ಲ," ಎಂದಳು. ನಾನು ಗಾಜಿನ ಪೆಟ್ಟಿಗೆಯ ಬಾಗಿಲು ಮುಚ್ಚಿದೆ.

ಆದ್ದರಿಂದ ಕೇಳಿ. ಬರುವ ಸೋಮವಾರ ಅಗೆತ ನಿಲ್ಲಬೇಕು. ಬೆಳಿಗ್ಗೆ ಹತ್ತಕ್ಕೆ ತಾವೇ ಖುದ್ದಾಗಿ ಬನ್ನಿ, ನಿಮ್ಮ ಯಂತ್ರ ತನ್ನಿ, ಹಾಸು ಬೇಡ. ಬೀಜದಮ್ಮ ತೂಗಿ ಮುಗಿಸುವವರೆಗೆ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿರಿ. ಆಮೇಲೆ ಲಾರಿ ಓಡಿಸಿ, ಯಂತ್ರವನ್ನು ಬರಿಗಲ್ಲಿನ ಮೇಲಿಟ್ಟು, ಬಂದ ಅಂಕಿಯನ್ನು ಊರಿನ ಮುಂದೆ ಓದಿ. ಹಳಿಯನ್ನು ಮೈದಾನದ ಅಂಚಿಗೇ ಮರಳಿಸಿ. ಬಾರದಿದ್ದರೆ, ನೀವು ಅಗೆದ ಗುಂಡಿಯ ಅಂಚಿನಲ್ಲಿ ನಾನೂ ನನ್ನ ಹೆಂಡತಿಯೂ ಕೂತಿರುತ್ತೇವೆ. ಅವಳಿಗೆ ನಿಲ್ಲಲಾಗದು, ಹಾಗಾಗಿ ಕುರ್ಚಿ ಹಾಕಿಕೊಂಡೇ ಕೂರುತ್ತೇವೆ.

ನಿಮ್ಮ ಫಾರಂ ಇದರೊಂದಿಗೆ ವಾಪಸು ಕಳಿಸಿದ್ದೇನೆ. ಬೀಜದಮ್ಮನ ಪುಸ್ತಕದಲ್ಲಿ ಒಂದು ಸಾಲು ಖಾಲಿ ಉಳಿದಿದೆ, ಅದನ್ನು ಇನ್ನು ಯಾರೂ ತುಂಬಲಾರರು. ಫಾರಂನಲ್ಲಿ ನನ್ನ ಸಹಿಯ ಜಾಗವೂ ಹಾಗೇ ಇದೆ.

ಇಂತಿ,
ಬಂಡೆ ಬಿಟ್ಟು ಕದಲಲು ಬಾರದ
ತಕ್ಕಡಿಯವನು