ಉತ್ತರ ಕೊಡದ ಮಗ್ಗಗಳು

ಆಗಸ್ಟ್ ೨೨, ಶುಕ್ರವಾರ, ಸಂಜೆ ೬

ಇವತ್ತೂ ಎಲ್ಲ ಸರಿ. ಬನಹಟ್ಟಿ ತುಂಬ ಚದುರಿದ ಒಂಬತ್ತು ಶೆಡ್ಡು, ನಲವತ್ತೆರಡು ಮಗ್ಗ. ಮಗ್ಗಕ್ಕೊಂದು ಪುಟ್ಟ ಕಂಪ್ಯೂಟರ್. ಎಲ್ಲದರ ಜಾತಕ — ಯಾವ ಡಿಸೈನ್, ಯಾವ ನೂಲು, ಎಷ್ಟು ವೇಗ — ನೇಕಾರರ ಸಂಘದ ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ. ಅದಕ್ಕೆ ಕಣಜ ಎಂದು ಹೆಸರಿಟ್ಟಿದ್ದೇನೆ. ಕೂತಲ್ಲಿಂದಲೇ ಡಿಸೈನ್ ಕಳಿಸುತ್ತೇನೆ. ಪೆನ್‌ಡ್ರೈವ್ ಹಿಡಿದು ಶೆಡ್ಡು ಸುತ್ತುವುದು ತಪ್ಪಿತು.

ಅಧ್ಯಕ್ಷ ಶಿದ್ರಾಮಪ್ಪನವರಿಗೆ ಮಾತ್ರ ನಂಬಿಕೆಯಿಲ್ಲ. “ಒಮ್ಮಿ ಕೈಕೊಟ್ರ ಮತ್ತ ಪೆನ್‌ಡ್ರೈವ್ ನೋಡ್ ತಮ್ಮಾ.”

“ಕೊಡೂದಿಲ್ರಿ.”

ಆಗಸ್ಟ್ ೨೪, ರವಿವಾರ, ಬೆಳಿಗ್ಗೆ ೮

ಕಣಜ ಖಾಲಿ. ಒಂದೂ ಜಾತಕವಿಲ್ಲ.

ತಪ್ಪು ನನ್ನದೇ. ಹನ್ನೆರಡು ತಾಸು ಉತ್ತರ ಕೊಡದ ಮಗ್ಗ ಕೆಟ್ಟಿತೆಂದು ತಿಳಿ, ಜಾತಕ ಅಳಿಸು — ನಾನೇ ಬರೆದ ನಿಯಮ. ನಿನ್ನೆ ಅಮಾವಾಸ್ಯೆ. ನೇಕಾರರು ಮೇನ್ ಸ್ವಿಚ್ ಇಳಿಸಿ, ಮಗ್ಗಕ್ಕೆ ಕಾಯಿ ಒಡೆದು, ರಜೆ ಮಾಡಿದ್ದಾರೆ. ಇಪ್ಪತ್ತು ದಿನ ಪರೀಕ್ಷೆ ಮಾಡಿದ್ದೆ... ಅದರಲ್ಲಿ ಅಮಾವಾಸ್ಯೆ ಬಂದಿರಲಿಲ್ಲ. ನಕಲೂ ಇಟ್ಟಿಲ್ಲ.

ಶಿದ್ರಾಮಪ್ಪ: “ಜೀವಂತ ಮಗ್ಗದ ತಿಥಿ ಮಾಡಿದೆಲ್ಲೋ! ನಾಳಿ ಸಂಜೀತನಾ ಟೈಮ್. ಆಮ್ಯಾಲ ಪೆನ್‌ಡ್ರೈವ್.”

“ತುಂಬತೇನ್ರಿ.”

ಅದೇ ದಿನ, ಮಧ್ಯಾಹ್ನ

ದಾರಿ ಇದೆ. ಪ್ರತಿ ಮಗ್ಗದ ಕಂಪ್ಯೂಟರಿನಲ್ಲೂ ಅದರ ಜಾತಕ ಉಳಿದಿದೆ. ಲ್ಯಾಪ್‌ಟಾಪ್ ಹೆಗಲಿಗೆ. ಹನ್ನೊಂದು ಮುಗಿದವು.

ಹದಿನೇಳನೇ ನಂಬರಿನ ಮಗ್ಗದ ಅನಸವ್ವ ಕತೆ ಕೇಳಿ ನಕ್ಕಳು. “ಉತ್ತರ ಕೊಡ್ಲಿಲ್ಲಂದ್ರ ಸತ್ತಂಗೇನೋ? ನನ್ನ ಗಂಡ ಮೂವತ್ತ ವರ್ಷಾತು, ಕರೆದ್ರ ಓ ಅಂದಿಲ್ಲ. ಅದಾನಲ್ಲ ಅಲ್ಲೆ!”

ಕಟ್ಟೆಯ ಮೇಲೆ ಅವಳ ಗಂಡ ಕರೆಪ್ಪ. ತಲೆಯೂ ಎತ್ತಲಿಲ್ಲ.

ಆಗಸ್ಟ್ ೨೫, ಸಂಜೆ ೫

ನಲವತ್ತೆರಡು. ಕಾಲು ಬಾತಿವೆ. ನಿಯಮ ಬದಲಿಸಿದೆ — ಉತ್ತರವಿಲ್ಲದಿದ್ದರೆ ಅಳಿಸಬೇಡ. ನನಗೆ ಹೇಳು, ನಾನು ಕೇಳುತ್ತೇನೆ. ನಕಲು ಬೇರೆ ಕಂಪ್ಯೂಟರಿಗೂ ಹೋಗುತ್ತದೆ.

ಶಿದ್ರಾಮಪ್ಪ ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದರು. “ಮುಂದಿನ ಅಮಾಸಿ ದಾಟ್ಲಿ, ಆಮ್ಯಾಲ ಮಾತಾಡೂಣು.”

ಸೆಪ್ಟೆಂಬರ್ ೨೨, ಸೋಮವಾರ, ಬೆಳಿಗ್ಗೆ ೮

ಅಮಾವಾಸ್ಯೆ ದಾಟಿತು. ಜಾತಕ ನಲವತ್ತೆರಡೂ ಇವೆ. ಎದ್ದ ಮಗ್ಗ ನಲವತ್ತೊಂದು. ಹದಿನೇಳನೇ ನಂಬರು — ಉತ್ತರವಿಲ್ಲ.

ಶಿದ್ರಾಮಪ್ಪ ಕುರ್ಚಿಯ ಹಿಂದೆಯೇ ನಿಂತಿದ್ದಾರೆ. “ಕೇಳ್ತೇನಿ ಅಂದಿದ್ದೆಲ್ಲ? ಕೇಳ್ ಮತ್ತ.”

ಅನಸವ್ವನಿಗೆ ಫೋನ್ ಹಚ್ಚಿದೆ. ಸ್ಪೀಕರ್ ಹಾಕಿದೆ. ರಿಂಗ್ ಆಗುತ್ತಲೇ ಇತ್ತು. ಎತ್ತಿದರು. ಗಂಡಸಿನ ದನಿ. ಯಾರೆಂದು ತಿಳಿಯಲಿಲ್ಲ — ಈ ದನಿ ನಾನು ಕೇಳಿಯೇ ಇರಲಿಲ್ಲ.

“ಓ... ಕರೆಪ್ಪ ಅದೇನಿ. ಫ್ಯೂಜ್ ಹೋಗೇತಿ, ಮಗ್ಗ ಛಲೋ ಐತಿ. ಅಳಸಬ್ಯಾಡೋ ತಮ್ಮಾ, ಇಕಿ ಹೊಸಾ ಫ್ಯೂಜ್ ತರಾಕ ಹೋಗ್ಯಾಳ.”