ಮೂರು ನಕ್ಷತ್ರದ ಮೇಷ್ಟರ ತಪ್ಪೊಪ್ಪಿಗೆ

ಪ್ರೀತಿಯ ಪಾರ್ಸೆಲಣ್ಣನಿಗೆ,

ವಯಸ್ಸಿನಲ್ಲಿ ನೀವು ನನ್ನ ಕಿರಿಮಗನಿಗಿಂತ ಚಿಕ್ಕವರು. ಆದರೂ ಇಡೀ ಕಟ್ಟಡಕ್ಕೆ ಅಣ್ಣನಾದವರು ನನಗೊಬ್ಬನಿಗೆ ತಮ್ಮನಾಗುವುದು ಹೇಗೆ? ಹಾಗಾಗಿ ಅಣ್ಣ ಎಂದೇ ಕರೆದು ಕೈಮುಗಿಯುತ್ತೇನೆ. ಕೈಮುಗಿಯಲು ಬೇರೆ ಕಾರಣವೂ ಇದೆ.

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು. ನೂರು ಅಂಕ ದೇವರಿಗೆ, ತೊಂಬತ್ತು ನನಗೆ, ಉಳಿದದ್ದು ಮಕ್ಕಳಿಗೆ ಎಂಬುದು ನನ್ನ ಧರ್ಮ. ಲಿಫ್ಟಿಲ್ಲದ ಈ ನಾಲ್ಕನೇ ಮಹಡಿಗೆ ನೀವು ನನ್ನ ಮಾತ್ರೆ, ನನ್ನವಳ ಉಲ್ಲನ್ ಉಂಡೆ, ಒಮ್ಮೆ ಹೊಲಿಗೆ ಯಂತ್ರವನ್ನೇ ಹೊತ್ತು ತಂದಿರಿ. ಪ್ರತಿ ಸಲವೂ ಮೊಬೈಲು ಕೇಳುತ್ತಿತ್ತು, ಐದಕ್ಕೆ ಎಷ್ಟು ನಕ್ಷತ್ರ? ನಾನು ಕನ್ನಡಕ ಏರಿಸಿ, ಮನಸ್ಸು ತುಂಬಿ, ಮೂರು ಕೊಡುತ್ತಿದ್ದೆ. ಅಂದರೆ ಶೇಕಡಾ ಅರವತ್ತು. ಪ್ರಥಮ ದರ್ಜೆ.

ಕಳೆದ ವಾರ ನೀವು ನಮ್ಮ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಿರಿ. ಡಾಕ್ಟರಿಗೆ ತೋರಿಸಬಾರದೇ ಎಂದೆ.

"ಪರ್ಮನೆಂಟ್ ಆಗ್ಲಿ ಮೇಷ್ಟ್ರೇ, ಆಮೇಲೆ ತೋರಿಸ್ತೀನಿ. ಈಗ ನಾವು ನೌಕರರಲ್ವಂತೆ, ಪಾರ್ಟ್ನರ್ ಅಂತೆ. ಪಾರ್ಟ್ನರ್‌ಗೆ ರಜಾ ಹಾಕಿದ್ರೆ ಸಂಬಳ ಇಲ್ಲ, ಬಿದ್ರೆ ವಿಮೆ ಇಲ್ಲ. ತಿಂಗಳ ಕೊನೆಗೆ ಸರಾಸರಿ ನಾಲ್ಕು ಪಾಯಿಂಟ್ ಒಂಬತ್ತು ನಕ್ಷತ್ರ ಇದ್ರೆ ಮಾತ್ರ ಪರ್ಮನೆಂಟು. ನಕ್ಷತ್ರ ಒತ್ತೋರೇ ಕಡಿಮೆ, ಒತ್ತಿದೋರು ಐದೇ ಕೊಡ್ತಾರೆ. ಯಾರೋ ಒಬ್ರು ಮಾತ್ರ ಪಟ್ಟು ಹಿಡಿದು ಮೂರು ಕೊಡ್ತಾರೆ. ನಮ್ಮಲ್ಲಿ ಮೂರು ಅಂದ್ರೆ ಫೇಲು. ಅವರಿಗೆ ನಾನೇನು ತಪ್ಪು ಮಾಡಿದ್ನೋ."

ಆ ಯಾರೋ ಒಬ್ಬರು ತಂದುಕೊಟ್ಟ ನೀರನ್ನೇ ಕುಡಿದು, "ಬರ್ತೀನಿ ಮೇಷ್ಟ್ರೇ" ಎಂದು ಕುಂಟುತ್ತಾ ಇಳಿದಿರಿ.

ಕಂಪನಿಗೆ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದರು. ಕೊಟ್ಟ ನಕ್ಷತ್ರ ತಿದ್ದುವ ಕ್ರಮ ಮಾತ್ರ ಇಲ್ಲವಂತೆ. ಆಮೇಲೆ ಕಟ್ಟಡದ ಹದಿನಾರೂ ಮನೆ ಹತ್ತಿಳಿದು, ಅವರು ಒತ್ತದೆ ಬಿಟ್ಟಿದ್ದ ನಕ್ಷತ್ರಗಳನ್ನು ಎದುರಿಗೇ ನಿಂತು ಒತ್ತಿಸಿದೆ. ಅಷ್ಟಕ್ಕೇ ನನ್ನ ಮಂಡಿ ರಾಜೀನಾಮೆ ಕೊಟ್ಟಿತು. ನಿಮ್ಮದು ದಿನಕ್ಕೆ ತೊಂಬತ್ತು ಮನೆ. ಆ ಮಂಡಿಗೆ ಚಿಕಿತ್ಸೆ ಸಿಗಬೇಕೇ ಬೇಡವೇ ಎಂಬುದನ್ನು ನನ್ನ ಹೆಬ್ಬೆರಳಿಗೆ ಬಿಟ್ಟಿದ್ದಾರಲ್ಲ, ಆ ಲೆಕ್ಕವನ್ನು ಬಿಡಿಸಲು ಈ ಗಣಿತದ ಮೇಷ್ಟರಿಗೆ ಇನ್ನೂ ಆಗಿಲ್ಲ.

ತಿಂಗಳು ಮುಗಿಯಲು ಮೂರು ದಿನವಿದೆ. ಇದನ್ನೆಲ್ಲ ಎದುರಿಗೆ ಹೇಳುವ ಧೈರ್ಯ ಸಾಲದೆ ಪಾರ್ಸೆಲ್ ಮಾಡಿದ್ದೇನೆ, ನಿಮ್ಮದೇ ವಿಳಾಸಕ್ಕೆ. ನಿಮ್ಮ ಮನೆಯೂ ನಿಮ್ಮದೇ ಸುತ್ತಿನಲ್ಲಿ ಬರುತ್ತದೆ ಎಂದು ಒಮ್ಮೆ ನಕ್ಕಿದ್ದಿರಿ. ಅಂದಮೇಲೆ ತರುವವರೂ ನೀವೇ, ಸಹಿ ಹಾಕುವವರೂ ನೀವೇ. ನೆಲಮಹಡಿ, ಹತ್ತುವ ಕಷ್ಟವಿಲ್ಲ. ತಲುಪಿಸಿದ ಮೇಲೆ ಒಂದು ಗಳಿಗೆ ಕಾಲು ಚಾಚಿ ಕೂತುಕೊಳ್ಳಿ. ಪಾರ್ಸೆಲ್ ಪಡೆದವರೂ ನೀವೇ ಆದ್ದರಿಂದ, ಎಷ್ಟು ನಕ್ಷತ್ರ ಎಂದು ಮೊಬೈಲು ಈ ಸಲ ನಿಮ್ಮನ್ನೇ ಕೇಳುತ್ತದೆ. ಸಂಕೋಚ ಬೇಡ, ಐದನ್ನೂ ಒತ್ತಿ.

ನಿಮ್ಮ ಮಂಡಿಗೂ ಮನೆಗೂ ಒಳ್ಳೆಯದಾಗಲಿ. ನನ್ನ ಕಡೆಯಿಂದ ನೂರಕ್ಕೆ ನೂರು, ದೇವರ ಪಾಲಿನದೂ ಸೇರಿ.

ಇತಿ,
ನಾಲ್ಕನೇ ಮಹಡಿಯ ಆ ಯಾರೋ ಒಬ್ರು