ಬೀರುವಿನ ಎರಡನೇ ರಿಜಿಸ್ಟರನ್ನು ದಯವಿಟ್ಟು ತೆರೆಸಿ

ವಿಶ್ವವಿದ್ಯಾಲಯದ ದಾಖಲೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ಕಚೇರಿಯ ಪ್ರಕಾರ ನಾನು ಡಿಗ್ರಿ ಓದಿಯೇ ಇಲ್ಲ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ 'ಸದರಿ ವರ್ಷದ ಅಂಕಗಳ ರಿಜಿಸ್ಟರ್ ಲಭ್ಯವಿಲ್ಲ' ಎಂಬ ಒಂದೇ ಉತ್ತರ. ಸಹಿ ಮಾತ್ರ ಮೂರರಲ್ಲೂ ಬಲು ಸೊಗಸಾಗಿದೆ, ಅಭಿನಂದನೆಗಳು. ಇತ್ತ ಸಮುದ್ರದಾಚೆಯ ವಿಶ್ವವಿದ್ಯಾಲಯವೊಂದು ನನ್ನನ್ನು ಕರೆದಿದೆ! ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡಿ ಉಳಿಸುವ ವಿದ್ಯೆಯಲ್ಲಿ ಸೀಟು, ಪೂರ್ತಿ ವಿದ್ಯಾರ್ಥಿವೇತನ. ಆ ಪತ್ರವನ್ನು ಬಿಡಿಸಿ ಓದಿ, ಮಡಿಸಿಟ್ಟು, ಮತ್ತೆ ಬಿಡಿಸಿ ಮಡಿಕೆಯೇ ಹರಿದಿದೆ; ಬೈಂಡಿಂಗ್ ಕೆಲಸದವಳಾದ್ದರಿಂದ ನಾನೇ ಅಂಟಿಸಿಕೊಂಡೆ. ಅವರಿಗೆ ಬೇಕಿರುವುದು ನನ್ನ ಅಂಕಗಳ ದೃಢೀಕೃತ ಪ್ರತಿ, ಅದೂ ನಿಮ್ಮ ಕಚೇರಿಯಿಂದಲೇ ನೇರವಾಗಿ, ಈ ಶುಕ್ರವಾರದೊಳಗೆ. ಶುಕ್ರವಾರ ದಾಟಿದರೆ ಸೀಟು ಬೇರೆಯವರ ಪಾಲು.

ನಾಲ್ಕು ಕಿಲೋ ತೂಗುವ ರಿಜಿಸ್ಟರ್ ಕಾಣೆಯಾಗಲು ಅದೇನು ಗುಂಡುಸೂಜಿಯೇ? ಕಾಲು ಬಂದು ಎದ್ದು ಹೋಯಿತೇ? ಇಲಿಗಳು ತಿಂದಿದ್ದರೆ ಅವಾದರೂ ಈ ಹೊತ್ತಿಗೆ ಪದವೀಧರರಾಗಿರಬೇಕಿತ್ತಲ್ಲ! ಹೀಗೆಲ್ಲ ಬರೆದು ನಿಮ್ಮ ಮಾನ ಹರಾಜು ಹಾಕುವ ಹುರುಪಿನಲ್ಲಿದ್ದೆ, ಕಳೆದ ಭಾನುವಾರದವರೆಗೆ.

ಆ ದಿನ ನಮ್ಮ ಅಂಗಡಿಯ ಡ್ರಾಯರಿನಲ್ಲಿ ದಾರದುಂಡೆ ಹುಡುಕುತ್ತಿದ್ದಾಗ ಎರಡು ಚೀಟಿ ಸಿಕ್ಕವು. ರಿಜಿಸ್ಟರಿನ ಬೆನ್ನಿಗೆ ಅಂಟಿಸುವ, ಬಂಗಾರದ ಅಕ್ಷರದ ಚೀಟಿಗಳು. ಎರಡರ ಮೇಲೂ ನಾನು ಪಾಸಾದ ವರ್ಷ.

ಏಕೆಂದರೆ, ಮಾನ್ಯರೇ, ನಿಮ್ಮ ರಿಜಿಸ್ಟರುಗಳಿಗೆ ರಟ್ಟು ಹಾಕುವವರು ನಾವೇ, ಅಪ್ಪ ಮತ್ತು ನಾನು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಅಪ್ಪ ಪ್ರತಿ ಚೀಟಿಯನ್ನೂ ಎರಡೆರಡು ಅಚ್ಚು ಹಾಕಿಸುತ್ತಾರೆ.

"ಒಂದೇ ಮಿಕ್ಕಬೇಕಿತ್ತು. ಎರಡೂ ಇಲ್ಲೇ ಇದ್ರೆ ಆ ರಿಜಿಸ್ಟರಿಗೆ ಏನು ಅಂಟಿಸಿದೆ?" ಎಂದರು ಅಪ್ಪ.

ಆಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಎರಡು ರಿಜಿಸ್ಟರು ಒಟ್ಟಿಗೆ ಬಂದಿದ್ದವು: ನಮ್ಮ ವರ್ಷದ್ದು, ಅದರ ಹಿಂದಿನ ವರ್ಷದ್ದು. ನಮ್ಮದಕ್ಕೆ ಅಂಟು ಹಚ್ಚುವಾಗ ನನ್ನ ಹೆಸರು ಕಂಡಿತು. ಇಡೀ ತರಗತಿಗೇ ನಾನು ಮೊದಲು ಎಂದು ನನಗೂ ಗೊತ್ತಾದದ್ದು ಆಗಲೇ! ಅಂಗಡಿಯಲ್ಲೇ ಕುಣಿದೆ. ಕುಣಿಯುತ್ತಲೇ ಹಿಂದಿನ ವರ್ಷದ ಹೆಚ್ಚುವರಿ ಚೀಟಿಯನ್ನು ನಮ್ಮ ರಿಜಿಸ್ಟರಿನ ಬೆನ್ನಿಗೆ ಬಡಿದುಬಿಟ್ಟೆ.

"ಆವತ್ತು ನಿನ್ನ ಕಾಲು ನೆಲದ ಮೇಲಿದ್ರೆ ತಾನೇ!" ಎಂದು ಅಪ್ಪ ಕನ್ನಡಕ ತೆಗೆದಿಟ್ಟು ನಕ್ಕರು.

ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿ ಬಾಗಿಲು ತೆರೆಯುವ ಮೊದಲೇ ನಾನಲ್ಲಿದ್ದೆ.

"ನಾನು ಪಾಸಾದದ್ದರ ಹಿಂದಿನ ವರ್ಷದ್ದು ಎರಡು ರಿಜಿಸ್ಟರ್ ಇದೆಯಾ ಸರ್?" ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ.

"ಇದೆಯಮ್ಮ. ಒಂದು ಡೂಪ್ಲಿಕೇಟು. ವಾರಕ್ಕೊಂದ್ಸಲ ಎರಡಕ್ಕೂ ಧೂಳು ಹೊಡೀತೀನಿ."

"ತೆಗೆದು ನೋಡಿ ಸರ್, ಅದರೊಳಗೆ ನಾನಿದೀನಿ!"

"ಹೊರಗೆ ಬರೆದಿರೋದೇ ಒಳಗಿರೋದು. ತೆಗೀಬೇಕಂದ್ರೆ ಸಾಹೇಬರ ಅಪ್ಪಣೆ ಬೇಕು. ಅವರು ರಜೆ, ಬರೋದು ಮುಂದಿನ ಸೋಮವಾರ."

ಆದ್ದರಿಂದ ಪತ್ರಿಕೆಯ ಮೂಲಕ ನಿಮ್ಮನ್ನು ಹುಡುಕುತ್ತಿದ್ದೇನೆ. ತಪ್ಪು ನನ್ನದು, ಒಪ್ಪಿದೆ. ಆದರೆ ಒಂದು ಪುಸ್ತಕಕ್ಕೆ ಒಂಬತ್ತು ವರ್ಷ ಧೂಳು ಹೊಡೆದು ಒಮ್ಮೆಯೂ ತೆರೆಯದ ಸಾಧನೆ ಯಾರದು? ನನ್ನ ಸಹಪಾಠಿಗಳಲ್ಲಿ ಇನ್ನೆಷ್ಟು ಮಂದಿ 'ಲಭ್ಯವಿಲ್ಲ' ಎಂಬ ಮಾತು ನಂಬಿ ಮನೆಗೆ ಮರಳಿದರೋ! ಅವರಿಗೆ ಆಮೇಲೆ ನಾವಿಬ್ಬರೂ ಸೇರಿ ಕ್ಷಮೆ ಕೇಳೋಣ. ಈಗ ಗುಮಾಸ್ತರಿಗೆ ಒಂದು ಫೋನ್ ಮಾಡಿ, ಆ ಎರಡನೆಯದನ್ನು ತೆರೆಸಿ, ಶುಕ್ರವಾರದೊಳಗೆ ಪ್ರತಿ ಕಳಿಸಿ.

ಗುರುತು ಬೇಕೇ? ನನ್ನ ಹೆಸರಿನ ಪಕ್ಕ ಅಂಟಿನ ಹೆಬ್ಬೆರಳ ಗುರುತೊಂದಿದೆ, ಅದು ನನ್ನದು. ಅದರ ಪಕ್ಕದಲ್ಲೇ ಇನ್ನೊಂದಿದೆ, ತುಸು ದೊಡ್ಡದು. ಅಂಟಿನ ಕೈಯಲ್ಲಿ ಪುಟ ಮುಟ್ಟಬೇಡ ಎಂದು ನನಗೆ ಸಾವಿರ ಸಲ ಗದರಿದ ಅಪ್ಪ, ಆ ದಿನ ನನ್ನ ಹೆಸರನ್ನು ತಾವೂ ಮುಟ್ಟಿ ನೋಡಿದ್ದರು.

ಇಂತಿ,
ಸೂಟ್‌ಕೇಸ್ ಆಗಲೇ ತುಂಬಿಟ್ಟುಕೊಂಡು, ನಿಮ್ಮ ಬೀರುವಿನಿಂದ ಬಿಡುಗಡೆಗಾಗಿ ಕಾದಿರುವ,
ತರಗತಿಗೇ ಮೊದಲಿಗಳಾದರೂ ಚೀಟಿ ಓದದೆ ಅಂಟಿಸಿದ ಬೈಂಡರ್